ಇನಾಸಣ್ಣನ ಗಲೀಜು ಅನ್ನ

ನಾನು ಮದುವೆಯಾಗಿ ಸಾಗರಕ್ಕೆ ಬಂದದ್ದು ಅರವತ್ತೇಳರಲ್ಲಿ. ಬಂದು ಇನ್ನೂ ತಿಂಗಳು ತುಂಬಿತ್ತೋ ಇಲ್ಲವೋ, ಒಂದು ಭಾನುವಾರ ಬೆಳಿಗ್ಗೆ ಅತ್ತೆ ಯಮುನಮ್ಮ, "ತುಂಗಾ, ಇವತ್ ನೀನು ಒಲೆ ಹಚ್ಚಾದ್ ಬ್ಯಾಡ. ಅಡಿಗೆ ಮಾಡಾಕೆ ಇನಾಸಣ್ಣ ಬರ್ತಾರೆ" ಎಂದರು.

ನನಗೆ ಅರ್ಥವಾಗಲಿಲ್ಲ. ಇನಾಸಣ್ಣ ಎಂದರೆ ಪಕ್ಕದ ಮನೆಯ ಕ್ರಿಶ್ಚಿಯನ್ನರು, ಲಾರಿ ಡ್ರೈವರು. ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಗಂಡಸರು ಸೌಟು ಹಿಡಿಯುವುದು ಮದುವೆಯ ಚಪ್ಪರದಲ್ಲಿ ಮಾತ್ರ. ಬೇರೆ ಜಾತಿಯ ಗಂಡಸೊಬ್ಬರು ನಮ್ಮ ಮನೆಗೆ ಬಂದು ನಮಗೆ ಅಡಿಗೆ ಮಾಡಿ ಬಡಿಸುವುದನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಮಾವ ದುಗ್ಗಪ್ಪನವರ ಮುಖ ನೋಡಿದೆ. ಅವರು ಆಗಲೇ ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಒಣಗಿದ ಕಟ್ಟಿಗೆ ಆರಿಸುತ್ತಿದ್ದರು.

ಹತ್ತು ಗಂಟೆ ಹೊತ್ತಿಗೆ ಇನಾಸಣ್ಣ ಇಗರ್ಜಿಯ ಪೂಜೆ ಮುಗಿಸಿಕೊಂಡು ಬಂದರು. ಐವತ್ತರ ಹತ್ತಿರದ ವಯಸ್ಸು, ಕುಳ್ಳ ದೇಹ, ಬಿಸಿಲಿಗೆ ಕಂದಿದ ಮುಂಗೈ. ಕಂಕುಳಲ್ಲಿ ಒಂದು ಹುಂಜ. ಅಂಗಿ ಕಳಚಿ ಬೇಲಿಗೆ ಹಾಕಿ, ಬನಿಯನ್ನಿನಲ್ಲೇ ಒಲೆಯ ಮುಂದೆ ಕೂತರು. ನಾನು ಪಾತ್ರೆ ತಂದುಕೊಟ್ಟಾಗ ಮುಖ ಎತ್ತಿ ನಕ್ಕು, "ಹೆದರ್ಕೋಬೇಡ ಕಣಮ್ಮ. ಪಾತ್ರೆ ನಿಮ್ದು, ಕಟ್ಟಿಗೆ ನಿಮ್ದು, ಅಕ್ಕಿ ನಿಮ್ದು. ಹುಂಜ ನಿಮ್ಮ ಕಣ್ಣೆದುರಿಗೇ ಕೊಯ್ಯೋದು. ನಂದು ಬರೀ ಕೈ" ಎಂದರು.

ಅವರು ಮಾಡಿದ ಅಡಿಗೆ ಹೊಸದಾಗಿತ್ತು. ಕೋಳಿಯ ಮಾಂಸವನ್ನು ಮೂಳೆ ಬಿಡಿಸಿ, ಎರಡು ಕತ್ತಿಗಳಿಂದ ಪಟಪಟನೆ ಕೊಚ್ಚಿ ಹಿಟ್ಟಿನ ಹಾಗೆ ಮಾಡಿದರು. ಈಲಿ, ಅಂದರೆ ಲಿವರನ್ನೂ ಬಿಡಲಿಲ್ಲ. ಅದನ್ನೆಲ್ಲ ಕೊಬ್ಬಿನಲ್ಲಿ ಹುರಿದರು, ಹುರಿದರು, ತಳ ಹಿಡಿಯುವವರೆಗೂ ಹುರಿದರು. ನನಗೆ ತಡೆಯಲಾಗಲಿಲ್ಲ, "ಸೀದು ಹೋಗ್ತದೆ" ಎಂದೆ. "ಸೀಯ್ಲಿ ಬಿಡು" ಎಂದು, ಒಂದಿಷ್ಟು ನೀರು ಚಿಮುಕಿಸಿ ತಳಕ್ಕೆ ಅಂಟಿದ್ದನ್ನೆಲ್ಲ ಸೌಟಿನಿಂದ ಕೆರೆದು ಎಬ್ಬಿಸಿದರು. ಆಮೇಲೆ ಈರುಳ್ಳಿ, ಹಸಿಮೆಣಸು, ಹರಿವೆ ದಂಟು, ಕುಟ್ಟಿದ ಕಾಳುಮೆಣಸು. ಕೊನೆಗೆ ಬೇರೆ ಪಾತ್ರೆಯಲ್ಲಿ ಬೆಂದ ಅನ್ನವನ್ನು ಅದರೊಳಗೆ ಮಗುಚಿದರು. ಬೆಳ್ಳಗಿದ್ದ ಅನ್ನ ನೋಡುತ್ತಿದ್ದಂತೆ ಕೆಸರಿನ ಬಣ್ಣಕ್ಕೆ ತಿರುಗಿತು.

ಬಾಳೆಲೆಯಲ್ಲಿ ಬಡಿಸಿದರು. ನೋಡುವುದಕ್ಕೆ ಚೆನ್ನಾಗಿರಲಿಲ್ಲ. ಬಾಯಿಗಿಟ್ಟ ಮೇಲೆ ಮಾತ್ರ ಎಲೆ ಬೇಗ ಖಾಲಿಯಾಯಿತು. ಎರಡನೇ ಸಲ ಹಾಕಿಸಿಕೊಂಡು, ಮೆಲ್ಲಗೆ ಅತ್ತೆಯ ಕಿವಿಯಲ್ಲಿ, "ಇದಕ್ಕೆ ಏನಂತಾರೆ?" ಎಂದು ಕೇಳಿದೆ.

"ಗಲೀಜು ಅನ್ನ" ಎಂದರು ಅತ್ತೆ, ಗಂಭೀರವಾಗಿ.

ನನಗೆ ನಗು ಬಂದು ನೆತ್ತಿ ಹತ್ತಿತು. ಇನಾಸಣ್ಣನ ಹೆಂಡತಿ ಕರ್ಮಿನಮ್ಮ ಎದ್ದು ಬಂದು ನನ್ನ ತಲೆ ತಟ್ಟಿ ನೀರು ಕುಡಿಸಿದರು. ಅವತ್ತಿನಿಂದ ಆ ಎರಡು ಮನೆಗಳ ಕಥೆ ನನಗೆ ತಿಳಿಯುತ್ತಾ ಬಂತು. ಸ್ವಲ್ಪ ಅತ್ತೆ ಹೇಳಿದ್ದು, ಸ್ವಲ್ಪ ಕರ್ಮಿನಮ್ಮ ಹೇಳಿದ್ದು. ಹೆಚ್ಚಿನದು ಇನಾಸಣ್ಣನೇ ನಮ್ಮ ಜಗಲಿಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದ್ದು.

ಇನಾಸಣ್ಣನ ಹಿರಿಯರು ಇಕ್ಕೇರಿ ಅರಸರ ಕಾಲದಲ್ಲಿ ಗೋವೆ ಕಡೆಯಿಂದ ಬಂದವರೆಂದು ಅವರ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಮನೆಯೊಳಗೆ ಕೊಂಕಣಿ, ಹೊಸ್ತಿಲು ದಾಟಿದರೆ ನಮ್ಮದೇ ಕನ್ನಡ. ಇನಾಸಣ್ಣ ಚಿಕ್ಕಂದಿನಲ್ಲೇ ಲಾರಿಯ ಕ್ಲೀನರ್ ಆಗಿ ಸೇರಿ, ಡ್ರೈವಿಂಗ್ ಕಲಿತು, ದೊಡ್ಡ ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಲು ಅಸ್ಸಾಮಿಗೆ ಹೋದರು. ಅಲ್ಲಿಂದ ಬರ್ಮಾಕ್ಕೆ ಬೆಟ್ಟ ಕಡಿದು ಹೊಸ ರಸ್ತೆ ಮಾಡುತ್ತಿದ್ದರು. ಆ ಕೆಲಸಕ್ಕೆ ಬಂದಿದ್ದ ಅಮೆರಿಕದ ಸೈನಿಕರಲ್ಲಿ ಹೆಚ್ಚಿನವರು ಕರಿಯರು.

ಒಂದು ದಿನ ಆ ದಾರಿಯಲ್ಲಿ ಇನಾಸಣ್ಣನಿಗೆ ಜ್ವರ ಏರಿತು. ಲಾರಿಯನ್ನು ಹೇಗೋ ಬದಿಗೆ ನಿಲ್ಲಿಸಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟದ್ದಷ್ಟೇ ನೆನಪು. ಎಚ್ಚರವಾದಾಗ ಅಮೆರಿಕನ್ನರ ಆಸ್ಪತ್ರೆ ಡೇರೆಯಲ್ಲಿದ್ದರು. ಸುತ್ತ ಒಂದು ಮಾತೂ ತಿಳಿಯದು. ಸಾಯುವುದೇ ನಿಜವೆಂದು ತಿಳಿದು, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ಲ್ಯಾಟಿನ್ ಜಪ ಹೇಳತೊಡಗಿದರು. "ಆವೆ ಮರಿಯಾ" ಎಂದು ಶುರುಮಾಡಿ ಅರ್ಧಕ್ಕೆ ಬಂದಾಗ ಉಸಿರು ಸಾಲದೆ ನಿಂತಿತು. ಆಗ ಮಂಚದ ಕಾಲದೆಸೆಯಿಂದ ಒಂದು ದಪ್ಪ ದನಿ ಉಳಿದರ್ಧವನ್ನು ಹೇಳಿತು: "ಸಾಂಕ್ತಾ ಮರಿಯಾ, ಮಾತೆರ್ ದೇಯಿ..."

ಹೇಳಿದವನು ಕ್ಯಾಂಪಿನ ಅಡಿಗೆಯವನು. ಬಲು ಎತ್ತರದ ಕರಿಯ ಮನುಷ್ಯ, ಕೊರಳಲ್ಲಿ ಜಪಸರ. ಹೆಸರನ್ನು ಮೂಗಿನಲ್ಲಿ ಏನೋ ಒಂದು ಬಗೆಯಾಗಿ ಹೇಳುತ್ತಿದ್ದ. ಇನಾಸಣ್ಣನಿಗೆ ಕೇಳಿಸಿದ್ದು ಅಂತೋನ್ ಎಂದು. ಊರು ಲೂಸಿಯಾನ. "ನಮ್ಮ ಕಡೆಯ ಹಾಗೇ ಅಂತೆ, ಎಲ್ಲಿ ನೋಡಿದ್ರೂ ಗದ್ದೆ, ನೀರು. ಅವರ ಮನೇಲೂ ಮೂರು ಹೊತ್ತು ಅನ್ನವೇ ಅಂತೆ" ಎಂದು ಇನಾಸಣ್ಣ ಹೇಳುತ್ತಿದ್ದರು. ಭಾಷೆ ಗೊತ್ತಿಲ್ಲದೆ ಅದೆಲ್ಲ ಹೇಗೆ ತಿಳಿಯಿತೆಂದು ನಾವು ಕೇಳಿದರೆ, "ಕೈ ಇತ್ತಲ್ಲ" ಎನ್ನುತ್ತಿದ್ದರು.

ಜ್ವರ ಇಳಿದರೂ ಇನಾಸಣ್ಣನಿಗೆ ಏನೂ ಸೇರುತ್ತಿರಲಿಲ್ಲ. ಆಸ್ಪತ್ರೆಯವರು ಕೊಟ್ಟ ಡಬ್ಬಿ ಹಾಲು, ರೊಟ್ಟಿ, ಎಲ್ಲ ವಾಂತಿ. ಒಂದು ಭಾನುವಾರ ಕ್ಯಾಂಪಿಗೆ ಹಸಿ ಮಾಂಸ ಬಂದಿತ್ತು. ಅಂತೋನ್ ಒಂದು ತಗಡಿನ ತಟ್ಟೆಯಲ್ಲಿ ಈ ಕೆಸರುಬಣ್ಣದ ಅನ್ನ ತಂದು, ಮಂಚದ ಪಕ್ಕ ಕೂತು, ತನ್ನ ಕೈಯಿಂದಲೇ ತಿನ್ನಿಸಿದ. ತಿಂಗಳುಗಟ್ಟಲೆ ರೊಟ್ಟಿ ತಿಂದಿದ್ದ ಇನಾಸಣ್ಣ ಅನ್ನದ ಅಗುಳು ನಾಲಿಗೆಗೆ ತಾಕಿದ್ದೇ ಅತ್ತುಬಿಟ್ಟರು. ಅಳುತ್ತಲೇ ತಿಂದರು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು.

ನಡೆಯುವಷ್ಟಾದ ಮೇಲೆ ಅಡಿಗೆ ಡೇರೆಯಲ್ಲೇ ಹೋಗಿ ಕೂರುತ್ತಿದ್ದರು. ಒಂದು ಸಲ ಅಂತೋನ್ ಬೋಗುಣಿ ತೋರಿಸಿ, "ಡರ್ಟಿ! ಡರ್ಟಿ!" ಎಂದು ನಕ್ಕ. ಪಾತ್ರೆ ಗಲೀಜಾಗಿದೆ ಎನ್ನುತ್ತಿದ್ದಾನೆಂದು ತಿಳಿದು ಇನಾಸಣ್ಣ ಬೂದಿ, ತೆಂಗಿನ ನಾರು ಹುಡುಕಿ ತಂದು ಇನ್ನೊಂದು ಬೋಗುಣಿಯನ್ನು ಫಳಫಳ ಹೊಳೆಯುವಂತೆ ತಿಕ್ಕಿಟ್ಟರು. ಅಂತೋನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಡಿಗೆಯ ಹೆಸರೇ ಅದೆಂದು ತಿಳಿಯಲು ಇನಾಸಣ್ಣನಿಗೆ ಮತ್ತೂ ಹೊತ್ತು ಹಿಡಿಯಿತು.

ಒಂದು ಬೆಳಿಗ್ಗೆ ಇನಾಸಣ್ಣನ ಕಂಪನಿಯ ಲಾರಿ ಬಂತು, ಅದರಲ್ಲಿದ್ದವರು ಲಾರಿ ಹತ್ತು ಎಂದರು. ಅಂತೋನ್ ಸಾಮಾನು ತರಲು ಹೋಗಿದ್ದ. ಹೇಳಿ ಬರಲು ಆಗಲಿಲ್ಲ. ಯುದ್ಧ ಮುಗಿಯಿತು, ಇನಾಸಣ್ಣ ಊರಿಗೆ ಬಂದರು, ಕರ್ಮಿನಮ್ಮನನ್ನು ಮದುವೆಯಾದರು, ಸಿಸಿಲಿ ಹುಟ್ಟಿದಳು. ಲಾರಿ ಓಡಿಸುವುದೇ ಬದುಕಾಯಿತು. ಅಡಿಗೆಮನೆಗೆ ಅವರು ಕಾಲಿಟ್ಟವರಲ್ಲ. ಅಂತೋನನ ಹೆಸರನ್ನು ಹೆಂಡತಿಗೆ ಹೇಳಿದ್ದರಂತೆ, ಆದರೆ ಆ ಅನ್ನವನ್ನು ಯಾರೂ ಮಾಡಿ ನೋಡಿರಲಿಲ್ಲ.

ಅರವತ್ತಮೂರರ ಶುರುವಿನಲ್ಲಿ, ಚಳಿ ಇನ್ನೂ ಇರುವಾಗ, ನಮ್ಮ ಸುತ್ತಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೊರಬದ ಕಡೆ ಶುರುವಾದ, ಉಣುಗು ಎಂಬ ಕಾಡಿನ ಹುಳ ಕಚ್ಚಿ ಹರಡುವ ಮಂಗನ ಕಾಯಿಲೆ ಎಂದರೆ ಜನಕ್ಕೆ ಆಗಲೇ ಹೆದರಿಕೆ. ಸತ್ತ ಮಂಗ ಕಂಡರೆ ಹೇಳಿ, ಕಾಡಿಗೆ ಹೋಗಬೇಡಿ ಎಂದು ಆರೋಗ್ಯ ಇಲಾಖೆಯವರು ಸಾರಿ ಹೋಗಿದ್ದರು. ಆದರೆ ಕಟ್ಟಿಗೆ ಬೇಡವೇ? ಅತ್ತೆ ಮತ್ತು ಕರ್ಮಿನಮ್ಮ ಎಂದಿನ ಹಾಗೆ ಜೊತೆಯಾಗಿ ಹೋಗಿ ಹೊರೆ ತಂದರು. ವಾರದೊಳಗೆ ಕರ್ಮಿನಮ್ಮ ಜ್ವರದಲ್ಲಿ ಬಿದ್ದರು.

"ಒಂದೇ ಕಾಡು, ಒಂದೇ ದಾರಿ" ಎಂದು ಅತ್ತೆ ಹೇಳುತ್ತಿದ್ದರು. "ಉಣುಗು ಅವಳನ್ನ ಕಚ್ತು, ನನ್ನ ಬಿಡ್ತು. ಎಂತಕ್ಕೆ ಅಂತ ಯಾರನ್ನ ಕೇಳಾದು?"

ಆಗ ಇನಾಸಣ್ಣ ಲಿಂಗನಮಕ್ಕಿಯಲ್ಲಿದ್ದರು. ಅಣೆಕಟ್ಟಿನ ಕೆಲಸಕ್ಕೆ ಸಿಮೆಂಟ್ ಸಾಗಿಸುವ ಲಾರಿ. ಶನಿವಾರ ಮಾತ್ರ ಮನೆಗೆ ಬರುವುದು. ಅತ್ತೆ ಕಾಯಲಿಲ್ಲ. ಮಾವನನ್ನು ಎಬ್ಬಿಸಿ ಗಾಡಿ ಕಟ್ಟಿಸಿದರು, ಕರ್ಮಿನಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದರು. ದಾರಿಯಲ್ಲಿ ಸಿಕ್ಕ ಲಾರಿಯವನ ಹತ್ತಿರ ಇನಾಸಣ್ಣನಿಗೆ ಹೇಳಿ ಕಳಿಸಿದರು. ಅತ್ತೆ ತಿರುಗಿ ಬಂದಾಗ ಹನ್ನೆರಡರ ಹುಡುಗಿ ಸಿಸಿಲಿ ಬಾಗಿಲಲ್ಲಿ ಅಳುತ್ತಾ ನಿಂತಿದ್ದಳು. "ಬಾರೆ, ನಮ್ಮನೆಗೆ ಬಾ" ಎಂದು ಕರೆದುಕೊಂಡರು. ಅವಳು ಅಲ್ಲಿಂದ ಮುಂದೆ ಸುಮಾರು ಎರಡು ತಿಂಗಳು ನಮ್ಮ ಮನೆಯಲ್ಲೇ ಉಂಡಳು, ಅತ್ತೆಯ ಮಗ್ಗುಲಲ್ಲೇ ಮಲಗಿದಳು. ಅತ್ತೆ ದಿನವೂ ಅವಳ ತಲೆ ಬಾಚಿ ಸ್ಕೂಲಿಗೆ ಕಳಿಸಿದರು. ರಾತ್ರಿ ಅವಳು ಮಂಡಿಯೂರಿ ಜಪ ಮಾಡುವಾಗ ದೀಪ ಹಿಡಿದು ಕೂತಿರುತ್ತಿದ್ದರಂತೆ. "ಅದು ಎಂತ ಹೇಳ್ತಿತ್ತೋ ನಂಗೆ ತಿಳೀತಿರ್ಲಿಲ್ಲ. ಅವ್ವಂಗೆ ವಾಸಿ ಮಾಡು ಅಂತಾನೇ ಇರ್ಬೇಕಲ್ಲ? ಅದಕ್ಕೆ ನಾನೂ ಕೈ ಮುಗೀತಿದ್ದೆ."

ಕರ್ಮಿನಮ್ಮನ ವಸಡು, ಮೂಗುಗಳಲ್ಲಿ ರಕ್ತ ಬಂತು. ಜ್ವರ ಇಳಿಯಿತು ಎಂದು ಸಮಾಧಾನವಾಗುವಷ್ಟರಲ್ಲಿ ಮತ್ತೆ ಏರಿ, ಕೈಕಾಲು ನಡುಗತೊಡಗಿದವು. ಅದೇ ವಾರ್ಡಿನಲ್ಲಿ ಇನ್ನಿಬ್ಬರು ಹೋಗಿಬಿಟ್ಟರು. ಕರ್ಮಿನಮ್ಮ ಉಳಿದರು. ಮನೆಗೆ ಬಂದಾಗ ಮೂಳೆಯ ಗೂಡು. ಡಾಕ್ಟರು, "ಈ ಕಾಯಿಲೆಗೆ ನಮ್ಮ ಹತ್ರ ಔಷಧಿ ಅಂತ ಇಲ್ಲ. ಹೊಟ್ಟೆಗೆ ತಗೋಬೇಕು, ಬಲ ಬರಬೇಕು, ಅಷ್ಟೇ" ಎಂದರು.

ಹೊಟ್ಟೆಗೆ ತೆಗೆದುಕೊಳ್ಳುವುದೊಂದೇ ಆಗುತ್ತಿರಲಿಲ್ಲ. ಅತ್ತೆ ಗಂಜಿ ತಂದರು, ಮೆಣಸಿನ ಸಾರು ತಂದರು, ಅಪ್ಪೆಮಿಡಿ ಉಪ್ಪಿನಕಾಯಿ ನೆಕ್ಕಿಸಿ ನೋಡಿದರು. ಒಂದು ಚಮಚ ಒಳಗೆ ಹೋದರೆ ಎರಡು ಹೊರಗೆ. ಕೊನೆಕೊನೆಗೆ ಕರ್ಮಿನಮ್ಮ ಮುಖವನ್ನೇ ಗೋಡೆಯ ಕಡೆ ತಿರುಗಿಸಿಕೊಂಡರು. ರಜ ಹಾಕಿ ಬಂದಿದ್ದ ಇನಾಸಣ್ಣ, "ಏನ್ ಬೇಕು ಹೇಳು, ಎಲ್ಲಿಂದಾದ್ರೂ ತರ್ತೀನಿ" ಎಂದರೆ, "ಏನೂ ಬೇಡ, ಸುಮ್ನೆ ಬಿಟ್ಬಿಡಿ ನನ್ನ" ಎಂದರಂತೆ.

"ಆ ಮಾತು ಕೇಳಿದ್ದೇ ನಂಗೆ ಗೊತ್ತಾಯ್ತು" ಎಂದು ಇನಾಸಣ್ಣ ನಮಗೆ ಹೇಳಿದ್ದರು. "ನಾನೂ ಆ ಡೇರೆಯಲ್ಲಿ ಹಾಗೇ ಮಲಗಿದ್ದೆ. ನನ್ನ ಯಾರೂ ಸುಮ್ನೆ ಬಿಡ್ಲಿಲ್ಲ. ಅದಕ್ಕೇ ಬದುಕಿದೆ."

ಎದ್ದು ಅಂಗಿ ಹಾಕಿಕೊಂಡರು. ಆಗ ಅವರಿಗೆ ಈಸ್ಟರಿನ ಮುಂಚಿನ ವ್ರತದ ದಿನಗಳು, ಮನೆಯಲ್ಲಿ ಮಾಂಸ ಮಾಡುವಂತಿಲ್ಲ. ಮೊದಲು ಇಗರ್ಜಿಗೆ ಹೋಗಿ ಪಾದ್ರಿಗಳನ್ನು ಕೇಳಿದರು. "ರೋಗಿಗೆ ಎಂಥ ವ್ರತ? ಹೋಗಿ ತಿನ್ನಿಸು" ಎಂದರು ಅವರು. ಅಲ್ಲಿಂದ ನೇರವಾಗಿ ಬುಡನ್ ಸಾಬರ ಮಾಂಸದಂಗಡಿಗೆ.

"ದೊಡ್ಡ ಮಾಂಸ ಬೇಕಿತ್ತು ಸಾಬ್ರೆ. ಕೈಮಾ ಮಾಡಿ ಕೊಡ್ಬೇಕು."

"ಏನ್ ಇನಾಸಣ್ಣ, ನಿಮ್ಮ ಜನಕ್ಕೆ ಈಗ ಉಪವಾಸ ಅಲ್ವಾ?"

ವಿಷಯ ತಿಳಿದ ಮೇಲೆ ಬುಡನ್ ಸಾಬರು ಕತ್ತಿ ಒರೆಸಿಕೊಂಡರು. ಒಳ್ಳೆಯ ತುಂಡು ಆರಿಸಿ, ಮರದ ದಿಮ್ಮಿಯ ಮೇಲಿಟ್ಟು, ನಾರು ನಾರಾಗಿ ಬಿಡಿಸಿ ಸಣ್ಣಗೆ ಕೊಚ್ಚಿದರು. ಎಲೆಯಲ್ಲಿ ಕಟ್ಟುವಾಗ ಕೇಳದೆಯೇ ಒಂದು ತುಂಡು ಈಲಿ ಸೇರಿಸಿ, "ರಕ್ತ ಆಗ್ತದೆ. ದುಡ್ಡು ಬ್ಯಾಡ. ತಂಗಿಗೆ ವಾಸಿ ಆದ್ಮೇಲೆ ಹೇಳಿ" ಎಂದರು.

ಇನಾಸಣ್ಣನ ಮೊದಲ ಅಡಿಗೆ ಕೆಟ್ಟಿತು. ಅಂತೋನ್ ಮಾಡುವುದನ್ನು ನೋಡಿದ್ದರೇ ಹೊರತು ಕೈಯಿಟ್ಟು ಮಾಡಿದವರಲ್ಲ, ಅದೂ ಹತ್ತೊಂಬತ್ತು ವರ್ಷದ ಹಿಂದೆ. ಅನ್ನಕ್ಕೆ ನೀರು ಹೆಚ್ಚಾಗಿ ಮುದ್ದೆಯಾಯಿತು. ಮಾಂಸ ಸೀದು ಮನೆಯೆಲ್ಲ ಹೊಗೆ. ಅವರು ಕೆಮ್ಮುತ್ತಾ ಬೋಗುಣಿಯನ್ನು ಇಳಿಸುತ್ತಿದ್ದಾಗ ಒಳಕೋಣೆಯಿಂದ ದನಿ ಬಂತು.

"ಏನ್ರೀ ಅದು, ಸುಡ್ತಿರೋದು? ನನ್ನ ಬೋಗುಣಿ ಹಾಳ್ ಮಾಡ್ಬೇಡಿ!"

ಇನಾಸಣ್ಣ ಬೋಗುಣಿ ಅಲ್ಲೇ ಬಿಟ್ಟು ಓಡಿದರು. ಕರ್ಮಿನಮ್ಮ ಮೊಣಕೈಯೂರಿ ಅರ್ಧ ಎದ್ದು ಕೂತಿದ್ದರು. ವಾರವೆಲ್ಲ ಗೋಡೆ ನೋಡುತ್ತಾ ಮಲಗಿದ್ದವರು ತಮ್ಮ ಪಾತ್ರೆಯ ಚಿಂತೆಗೆ ಎದ್ದಿದ್ದರು. "ನಂಗೆ ಅಷ್ಟೇ ಸಾಕಾಯ್ತು" ಎನ್ನುವಾಗ ಇನಾಸಣ್ಣನ ಕಣ್ಣು ಪ್ರತಿ ಸಲವೂ ತುಂಬುತ್ತಿತ್ತು. "ಅನ್ನ ಕೆಟ್ರೆ ಕೆಡ್ಲಿ. ಬೈಯೋಕೆ ಉಸಿರಿದೆಯಲ್ಲ, ದೇವ್ರೇ, ನಿನ್ನಿಂದ ಉಪಕಾರ ಆಯ್ತು ಅಂದೆ."

ಎರಡು ದಿನ ಬಿಟ್ಟು ಮತ್ತೆ ಮಾಡಲು ಹೊರಟರು. ಈ ಸಲ ಹೊರಗೆ, ಅಂಗಳದಲ್ಲಿ. ಅತ್ತೆ ಬೇಲಿಯ ಆಚೆಯಿಂದ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ದನದ ಮಾಂಸ ತಿನ್ನುವುದಿಲ್ಲ, ಆದ್ದರಿಂದ ಹತ್ತಿರ ಹೋಗಲಿಲ್ಲ. ಆದರೆ ಇನಾಸಣ್ಣ ಈರುಳ್ಳಿ ಹೆಚ್ಚಿ, ಹಸಿಮೆಣಸು ಹೆಚ್ಚಿ, ಕತ್ತಿ ಕೆಳಗಿಟ್ಟು ಸುಮ್ಮನೆ ಕೂತಾಗ ತಡೆಯಲಾಗಲಿಲ್ಲ.

"ಎಂತ ಆತು ಇನಾಸಣ್ಣ? ಯಾಕೆ ಕೂತ್ರಿ?"

"ಮೂರು ಹಾಕ್ಬೇಕು ಯಮುನಕ್ಕ. ಅಂತೋನ ಮೂರು ಬೆರಳು ತೋರಿಸ್ತಿದ್ದ. ಈರುಳ್ಳಿ ಒಂದು, ಮೆಣಸು ಒಂದು. ಮೂರನೇದು ಅಲ್ಲಿ ಅವನಿಗೂ ಸಿಗ್ತಿರ್ಲಿಲ್ಲ, ಅದಕ್ಕೆ ಬೇಜಾರ್ ಮಾಡ್ಕೊಳ್ತಿದ್ದ. ದಂಟಿನ ತರದ್ದು ಎಂಥದೋ. ಕಚ್ಚಿದ್ರೆ ಕರಕ್ ಅನ್ನತ್ತೆ ಅಂತ ಹಲ್ಲಲ್ಲಿ ಮಾಡಿ ತೋರಿಸಿದ್ದ."

ಅತ್ತೆ ಹಿತ್ತಲಿಗೆ ಹೋದರು. ಬಲಿಯದ ಹರಿವೆ ದಂಟು ನಾಲ್ಕು ಮುರಿದು, ನಾರು ತೆಗೆದು, ತೊಳೆದು, ಬೇಲಿಯ ಮೇಲಿಂದ ಕೊಟ್ಟರು. "ಇದು ಹಾಕಿ. ದಂಟು ಅಂದ್ರೆ ದಂಟೇ ಅಲ್ವಾ? ಅವ್ರ ಊರಾಗೆ ಯಾವ್ದೋ, ನಮ್ಮೂರಾಗೆ ಇದು."

ಆ ಸಲದ್ದು ಸರಿಯಾಯಿತು. ಮಾಂಸ ಕಪ್ಪಾಗುವವರೆಗೆ ಹುರಿದು, ತಳ ಕೆರೆದು, ದಂಟು ಬೇಯಿಸಿ, ಜೀರಿಗೆ ಸಣ್ಣ ಎಂಬ ತಳಿಯ ಅಕ್ಕಿಯ ಅನ್ನ ಬೆರೆಸಿದರು. ತಟ್ಟೆಗೆ ಹಾಕಿಕೊಂಡು ಒಳಗೆ ಹೋಗಿ, ಹೆಂಡತಿಯನ್ನು ಎಬ್ಬಿಸಿ ಕೂರಿಸಿ, ಚಿಕ್ಕ ತುತ್ತು ಮಾಡಿ ಬಾಯಿಗಿಟ್ಟರು. ಸಿಸಿಲಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕರ್ಮಿನಮ್ಮ ಅಗಿದರು. ನುಂಗಿದರು. "ಉಪ್ಪು ಕಮ್ಮಿ" ಎಂದರು. ಮತ್ತೆ ಬಾಯಿ ತೆರೆದರು.

ನಾಲ್ಕು ತುತ್ತು ಇಳಿಯಿತು. ಇಳಿದದ್ದು ನಿಂತಿತು.

"ಏನಿದು?" ಎಂದು ಕೇಳಿದರಂತೆ ಕರ್ಮಿನಮ್ಮ.

"ಗಲೀಜು ಅನ್ನ."

"ಅಯ್ಯೋ, ನನ್ನ ಕರ್ಮವೇ! ಸಾಯೋಕೆ ಬಿದ್ದಿರೋಳಿಗೆ ಗಲೀಜು ತಿನ್ನಿಸ್ತೀರಾ?" ಎಂದು ನಕ್ಕುಬಿಟ್ಟರು. ನಕ್ಕು ಸುಸ್ತಾಗಿ ದಿಂಬಿಗೆ ಒರಗಿದರು. ಅಷ್ಟು ದಿನದ ಮೇಲೆ ಆ ಮನೆಯಲ್ಲಿ ಕೇಳಿದ ನಗು, ಬೇಲಿಯ ಆಚೆ ನಿಂತಿದ್ದ ಅತ್ತೆಗೂ ಕೇಳಿಸಿತಂತೆ.

ಆಮೇಲಿನದು ನಿಧಾನವಾಗಿ ಆಯಿತು. ಒಂದು ದಿನ ನಾಲ್ಕು ತುತ್ತು, ಒಂದು ದಿನ ಏನೂ ಇಲ್ಲ, ಇನ್ನೊಂದು ದಿನ ಅರ್ಧ ತಟ್ಟೆ. ಇನಾಸಣ್ಣನ ರಜ ಮುಗಿದರೂ ಅವರು ಹೋಗಲಿಲ್ಲ, ಸಂಬಳ ಹೋದರೆ ಹೋಗಲಿ ಎಂದು ಕೂತರು. ಬುಡನ್ ಸಾಬರು ಎರಡು ದಿನಕ್ಕೊಮ್ಮೆ ಸಣ್ಣ ಪೊಟ್ಟಣ ಕಟ್ಟಿಟ್ಟಿರುತ್ತಿದ್ದರು. ಅತ್ತೆ ಗಂಜಿ ತರುವುದನ್ನು ಬಿಡಲಿಲ್ಲ, ಈಗ ಅದೂ ಇಳಿಯುತ್ತಿತ್ತು. ಈಸ್ಟರ್ ಬೆಳಿಗ್ಗೆ ಕರ್ಮಿನಮ್ಮ ಮಗಳ ಹೆಗಲು ಹಿಡಿದುಕೊಂಡು, ದಾರಿಯಲ್ಲಿ ಅಲ್ಲಲ್ಲಿ ಕೂತು, ಇಗರ್ಜಿಗೆ ನಡೆದೇ ಹೋಗಿ ಬಂದರು.

ಮರುವಾರ ಇನಾಸಣ್ಣ ನಮ್ಮ ಮನೆಗೆ ಬಂದು ಮಾವನ ಮುಂದೆ ನಿಂತರು. ಕೂರಿ ಎಂದರೂ ಕೂರಲಿಲ್ಲ.

"ದುಗ್ಗಪ್ಪಣ್ಣ, ನಿಮಗೂ ಯಮುನಕ್ಕಂಗೂ ನಾನು ಒಂದು ಊಟ ಹಾಕ್ಬೇಕು. ನನ್ನ ಕೈಯಿಂದ ಮಾಡಿದ್ದು."

ಮಾವ ಮುಜುಗರದಿಂದ ಬಾಗಿಲ ಕಡೆ ನೋಡಿದರು. ಅತ್ತೆಯೇ ಹೊರಗೆ ಬಂದರು. "ನೀವು ಬೇಜಾರ್ ಮಾಡ್ಕಬ್ಯಾಡಿ ಇನಾಸಣ್ಣ. ಆ ಮಾಂಸ ನಮಗೆ ಆಗಾದಿಲ್ಲ. ಊಟ ಹಾಕ್ದಿದ್ರೂ ನಡೀತದೆ. ನಾವು ಮಾಡಿದ್ದು ಊಟಕ್ಕಲ್ಲ."

"ಗೊತ್ತು ಯಮುನಕ್ಕ. ನಂಗೆ ಗೊತ್ತಿಲ್ವಾ? ಕೋಳೀದು ಮಾಡ್ತೀನಿ. ನಮ್ಮನೇಲಿ ಬೇಡ, ನಿಮ್ಮ ಅಂಗಳದಲ್ಲೇ, ನಿಮ್ಮ ಪಾತ್ರೇಲೇ. ಬೇಡ ಅನ್ಬೇಡಿ. ನನ್ನ ಕೈ ಸುಮ್ನೆ ಕೂರಲ್ಲ ಅಂತದೆ."

ಹೀಗೆ ಶುರುವಾದದ್ದು. ಅದಾದ ಮೇಲೆ ಪ್ರತಿ ವರ್ಷ ಈಸ್ಟರ್ ಕಳೆದ ಭಾನುವಾರ ಅವರ ಮನೆಯಲ್ಲಿ ಒಂದು ಪಾತ್ರೆ, ನಮ್ಮ ಅಂಗಳದಲ್ಲಿ ಒಂದು ಪಾತ್ರೆ. ಬುಡನ್ ಸಾಬರ ಮನೆಗೆ ಒಂದು ಡಬ್ಬಿ. ನಾನು ಹೊಸ ಸೊಸೆಯಾಗಿ ನೆತ್ತಿ ಹತ್ತಿಸಿಕೊಂಡದ್ದು ಐದನೆಯ ವರ್ಷದ ಊಟದಲ್ಲಿ.

ಇನಾಸಣ್ಣನಿಗೆ ಒಂದು ಕೊರತೆ ಇತ್ತು. ನಮಗೆಲ್ಲ ಉಣ್ಣಿಸಿದರೂ, ಮೊದಲು ಉಣ್ಣಿಸಿದವನಿಗೆ ಒಂದು ಮಾತು ಹೇಳಲಾಗಲಿಲ್ಲವಲ್ಲ ಎಂಬುದು. ವಿಳಾಸವಿಲ್ಲ, ಪೂರ್ತಿ ಹೆಸರೂ ಇಲ್ಲ. ಅರವತ್ತೆಂಟರಲ್ಲಿ ಅವನ ಹೆಸರಿನಲ್ಲಿ ಒಂದು ಪೂಜೆ ಮಾಡಿಸಲು ಪಾದ್ರಿಗಳ ಹತ್ತಿರ ಹೋದರು. ಬಂದು ನಮ್ಮ ಜಗಲಿಯಲ್ಲಿ ಕೂತು ಅದನ್ನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಪಾದ್ರಿಗಳು ಕೇಳಿದ್ರು, ಹೆಸರೇನು ಅಂತ. ಅಂತೋನ್ ಅಂದೆ. ಮನೆತನದ ಹೆಸರು? ಗೊತ್ತಿಲ್ಲ ಅಂದೆ. ಯಾವ ಊರು? ಲೂಸಿಯಾನ. ಅದು ಊರಲ್ಲಪ್ಪ, ಸೀಮೆ ಅಂದ್ರು. ಆಗ್ಲಿ, ಬದುಕಿರೋರಿಗೆ ಪೂಜೆಯೋ, ಸತ್ತೋರಿಗೋ? ಅದನ್ನ ಹೇಳ್ಬೇಕಲ್ಲ ಅಂದ್ರು."

"ನೀವೇನಂದ್ರಿ?" ಎಂದು ನಾನು ಕೇಳಿದೆ.

"ತಲೆ ಕೆರ್ಕೊಂಡು ನಿಂತೆ. ಆಮೇಲೆ, ಬದುಕಿರೋರಿಗೇ ಬರ್ಕೊಳಿ ಫಾದರ್ ಅಂದೆ. ನನ್ನ ಬಾಯಿಂದ ಯಾಕೆ ಸತ್ತ ಅನ್ನಿಸ್ಲಿ? ಅವನು ನಂಗಿಂತ ಗಟ್ಟಿ ಆಳು."

ಪೂಜೆಗೆ ಅತ್ತೆಯೂ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಪಾದ್ರಿಗಳು ನಡುವೆ ಅಂತೋನ್ ಎಂದು ಹೆಸರು ಹೇಳಿದಾಗ ಅತ್ತೆ ನನ್ನ ಮೊಣಕೈ ತಿವಿದರು. ಅಷ್ಟೊತ್ತಿಗೆ ಪೂಜೆಯಲ್ಲಿ ಲ್ಯಾಟಿನ್ ಹೋಗಿ ಕನ್ನಡ ಬಂದಿತ್ತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಇನಾಸಣ್ಣ, "ಈಗ ಎಲ್ಲ ಅರ್ಥ ಆಗ್ತದೆ, ಒಳ್ಳೇದೇ ಆಯ್ತು. ಆದ್ರೆ ಅಂತೋನ ಈಗ ಬಂದ್ರೆ ನಾವಿಬ್ರೂ ಯಾವ ಭಾಷೇಲಿ ಜಪ ಮಾಡೋದು?" ಎಂದರು. ಕರ್ಮಿನಮ್ಮ, "ಅನ್ನ ಹಾಕಿ ಕೂರಿಸಿ, ಜಪ ಆಮೇಲೆ ನೋಡ್ಕೊಳ್ಳೋಣ" ಎಂದರು.

ಅರವತ್ತೊಂಬತ್ತರಲ್ಲಿ ಸಿಸಿಲಿಗೆ ಹೊಸನಗರದ ಗಂಡು ಗೊತ್ತಾಯಿತು. ಹುಡುಗ ಮರಗೆಲಸದವನು, ಮಾತು ಕಡಿಮೆ. ಮದುವೆಯ ಹಿಂದಿನ ಸಂಜೆ ಅವರಲ್ಲಿ ರೋಸ್ ಎಂಬ ಶಾಸ್ತ್ರ. ಮದುಮಗಳನ್ನು ಚಾಪೆಯ ಮೇಲೆ ಕೂರಿಸಿ, ಹತ್ತಿರದ ನೆಂಟರು ಒಬ್ಬೊಬ್ಬರೇ ಬಂದು ತಲೆಗೆ ತೆಂಗಿನಕಾಯಿ ಹಾಲು ಹಚ್ಚಿ ಹರಸುವುದು. ನಾವೆಲ್ಲ ಹೋಗಿದ್ದೆವು. ನಮ್ಮನೆಯವರು ಮತ್ತು ಮಾವ ಚಪ್ಪರದ ಕೆಲಸದಲ್ಲಿದ್ದರು. ಅತ್ತೆ ಮತ್ತು ನಾನು ಹೆಂಗಸರ ಹಿಂದೆ, ಕಂಬದ ಪಕ್ಕ ನಿಂತು ನೋಡುತ್ತಿದ್ದೆವು.

ಕೊಂಕಣಿಯಲ್ಲಿ ಹಾಡು ನಡೆಯುತ್ತಿತ್ತು. ಕರ್ಮಿನಮ್ಮ ಎಲ್ಲರಿಗಿಂತ ಮೊದಲು ಮಗಳ ತಲೆಗೆ ಹಾಲು ಹಚ್ಚಿದರು. ಮುಂದೆ ಸೋದರತ್ತೆ ಎದ್ದು ಬರಬೇಕು. ಕರ್ಮಿನಮ್ಮ ಹಾಲಿನ ಬಟ್ಟಲನ್ನು ಕೈಯಲ್ಲೇ ಇಟ್ಟುಕೊಂಡು ತಿರುಗಿದರು.

"ಯಮುನಕ್ಕ, ಎಲ್ಲಿದ್ದೀರಿ? ಬನ್ನಿ ಇಲ್ಲಿ."

ಅತ್ತೆ ಗಾಬರಿಯಾದರು. "ನಾನೆಂತಕ್ಕೆ? ನಿಮ್ಮ ಶಾಸ್ತ್ರ ಅದು. ನಿಮ್ಮವ್ರು ಮಾಡ್ಲಿ."

ಹೊಸನಗರದಿಂದ ಬಂದಿದ್ದ ಒಬ್ಬ ಮುದುಕಿ ಏನೋ ಗೊಣಗಿದರು. ಮನೆಯವರೇ ಮಾಡಬೇಕಾದದ್ದು ಎಂದಿರಬೇಕು. ಕರ್ಮಿನಮ್ಮ ಅವರ ಕಡೆ ತಿರುಗಿ, ನಮಗೂ ತಿಳಿಯಲೆಂದೇ ಕನ್ನಡದಲ್ಲಿ ಹೇಳಿದರು: "ನಾನು ಆಸ್ಪತ್ರೇಲಿ ಬಿದ್ದಾಗ ಈ ಹುಡುಗಿಗೆ ಅವ್ವ ಆಗಿದ್ದೋರು ಇವ್ರು. ಮನೆಯವ್ರು ಅಂದ್ರೆ ಮತ್ಯಾರು?"

ಹಾಡು ನಿಂತಿತ್ತು. ಅತ್ತೆ ನನ್ನ ಕೈ ಬಿಟ್ಟು ಮುಂದೆ ಹೋದರು. ಚಾಪೆಯ ಪಕ್ಕ ಕೂತು, "ಎಂತ ಮಾಡ್ಬೇಕು, ಹೇಳ್ಕೊಡಿ" ಎಂದರು. ಸಿಸಿಲಿಯೇ ಅವರ ಕೈ ಹಿಡಿದು ಬಟ್ಟಲಿಗೆ ಅದ್ದಿಸಿದಳು. ಅತ್ತೆ ಹಾಲನ್ನು ಅವಳ ನೆತ್ತಿಗೆ ಹಚ್ಚಿದರು, ಕೆನ್ನೆಗೆ ಹಚ್ಚಿದರು. ಹರಸುವ ಬದಲು, "ನಾಳೆ ಬೆಳಿಗ್ಗೆ ಸೀಗೆಪುಡಿ ಹಾಕಿ ಚೆನ್ನಾಗ್ ತೊಳ್ಕಾ ಮಗಾ. ಕಾಯಿಹಾಲು ಉಳಿದ್ರೆ ಇರುವೆ ಹತ್ತಾವೆ" ಎಂದರು. ಚಪ್ಪರದ ತುಂಬ ನಗು. ಹಾಡು ಮತ್ತೆ ಶುರುವಾಯಿತು. ಇನಾಸಣ್ಣ ಆ ಕಡೆಯ ಕಂಬಕ್ಕೆ ಒರಗಿ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಮರುದಿನ ಮದುವೆ ಮುಗಿದು ಊಟವಾದ ಮೇಲೆ ಇನಾಸಣ್ಣ ತಾವೇ ಲಾರಿ ಓಡಿಸಿಕೊಂಡು ಮಗಳನ್ನು ಹೊಸನಗರಕ್ಕೆ ಬಿಡಲು ಹೊರಟರು. ಹಿಂದೆ ಚಾಪೆ ಹಾಸಿ ಮದುಮಕ್ಕಳು, ನೆಂಟರು, ನಾನು, ನಮ್ಮನೆಯವರು. ಮುಂದೆ ಡ್ರೈವರಿನ ಪಕ್ಕ ಕರ್ಮಿನಮ್ಮ, ಕಿಟಕಿಯ ಕಡೆ ಅತ್ತೆ. ಅವರಿಬ್ಬರೂ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದರು, ಇಂಜಿನ್ನಿನ ಸದ್ದಿನಲ್ಲಿ ಹಿಂದಿದ್ದ ನಮಗೆ ಏನೂ ಕೇಳಿಸಲಿಲ್ಲ.